ಡೇಟಾಬೇಸ್‌ನ ಒಂದೇ ಸಾಲಿಗೆ ಆರು ಸಾವಿರ ಜನ ಮುಗಿಬಿದ್ದರು: 9 ನೋಡ್ (ಸರ್ವರ್) ಹಾಕಿದ ಮೇಲೆ ಇನ್ನೂ ನಿಧಾನ ಆಯ್ತು, ಯಾಕೆ?

ಮಾವಿನತೋಪು · ಭಾನುವಾರ ಮಧ್ಯಾಹ್ನ 1:20

ನಮಸ್ಕಾರ. ತಲೆ ಕೆಟ್ಟು ಕೂತಿದ್ದೇನೆ, ಯಾರಾದರೂ ದಾರಿ ತೋರಿಸಿ.

ನಮ್ಮದು ಐದು ಜನರ ಸಣ್ಣ ಟೀಮ್. ಶ್ರೀನಿವಾಸಪುರ, ರಾಮನಗರ ಕಡೆಯ ತೋಟಗಳಿಂದ ಮಾವಿನ ಹಣ್ಣು ತಂದು ಬೆಂಗಳೂರಿನಲ್ಲಿ ಮನೆಮನೆಗೆ ತಲುಪಿಸುತ್ತೇವೆ. ಸೀಸನ್‌ನಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ 10ಕ್ಕೆ ಸೇಲ್. ಈ ವಾರ ಬಾದಾಮಿ 2,000 ಬಾಕ್ಸ್ ಇತ್ತು. 10 ಹೊಡೆಯುತ್ತಿದ್ದಂತೆ ಆರು ಸಾವಿರ ಜನ ಒಟ್ಟಿಗೆ ಬಟನ್ ಒತ್ತಿದರು.

ಡೇಟಾಬೇಸ್ ಹಲವು ಮೆಷಿನ್‌ಗೆ ಹಂಚಿಕೊಂಡು ಓಡುವ ಡಿಸ್ಟ್ರಿಬ್ಯೂಟೆಡ್ ಎಸ್‌ಕ್ಯೂಎಲ್, ಪೋಸ್ಟ್‌ಗ್ರೆಸ್ (ಇನ್ನೊಂದು ಪ್ರಸಿದ್ಧ ಡೇಟಾಬೇಸ್) ಭಾಷೆ ಮಾತಾಡುವಂಥದ್ದು. ಹೆಸರು ಹೇಳುವುದಿಲ್ಲ, ಹೇಳಿದರೆ ಅದರ ಮೇಲೇ ಜಗಳ ಶುರುವಾಗುತ್ತದೆ. ಪ್ರತಿ ತಳಿಯ ಹಣ್ಣಿಗೆ ಒಂದು ಸಾಲು (ರೋ), ಅದರಲ್ಲಿ ಸ್ಟಾಕ್ ಅಂತ ಒಂದು ಕಾಲಮ್. ಆರ್ಡರ್ ಬಂದಾಗ ಸ್ಟಾಕ್ ಓದಿ, ಇದ್ದರೆ ಕಡಿಮೆ ಮಾಡಿ, ಆರ್ಡರ್ ಬರೆದು ಕಮಿಟ್ (ಪಕ್ಕಾ ಮಾಡುವುದು). ಎಲ್ಲ ಸೇರಿ ಒಂದು ಟ್ರಾನ್ಸಾಕ್ಷನ್. ಇಷ್ಟೇ.

ಹೋದ ವಾರ 3 ನೋಡ್ ಇತ್ತು, ಸೆಕೆಂಡಿಗೆ 4 ಆರ್ಡರ್ ಮಾತ್ರ ದಾಟಿತು. ನೋಡ್ ಕಡಿಮೆ ಆಯ್ತು ಅಂತ ಈ ವಾರ 9 ಮಾಡಿದೆವು. ಹೊಸದರಲ್ಲಿ ಮೂರು ಮುಂಬೈ, ಮೂರು ಹೈದರಾಬಾದ್. ಈಗ ಸೆಕೆಂಡಿಗೆ 3! ಲಾಗ್ ತುಂಬಾ 40001 ಎರರ್ (ಟ್ರಾನ್ಸಾಕ್ಷನ್ ಡಿಕ್ಕಿ). ಸಿಪಿಯು ನೋಡಿದರೆ 12 ಪರ್ಸೆಂಟ್, ಆರಾಮಾಗಿ ನಿದ್ದೆ ಹೊಡೆಯುತ್ತಿದೆ. ಗೋಡೌನ್‌ನಲ್ಲಿ ಹಣ್ಣು ಇದೆ, ಜನ ಮಾತ್ರ ‘ಸಿಗಲಿಲ್ಲ’ ಅಂತ ಬೈಯುತ್ತಿದ್ದಾರೆ.

ನಮ್ಮ ಬಾಸ್ ಮುಂದಿನ ವಾರ 15 ನೋಡ್ ಮಾಡೋಣ ಅನ್ನುತ್ತಿದ್ದಾರೆ. ಮಾಡಬಹುದಾ?

ಕಾವಲಿಕಲ್ಲು · 1:31

ಬೇಡ.

ಕಾವಲಿಕಲ್ಲು · 1:38

ಸರಿ, ಕಾರಣನೂ ಹೇಳುತ್ತೇನೆ. ದರ್ಶಿನಿಗೆ ಹೋಗಿದ್ದೀರಲ್ಲ. ಒಳಗೆ ದೋಸೆ ಕಾವಲಿ ಮೂರಿದ್ದದ್ದನ್ನು ಒಂಬತ್ತು ಮಾಡಿದಿರಿ. ಆದರೆ ಟೋಕನ್ ಕೊಡುವ ಕೌಂಟರ್ ಒಂದೇ. ಕ್ಯೂ ಬಾಗಿಲಾಚೆ ಹೋಗಿದೆ, ಕಾವಲಿ ಖಾಲಿ ಕಾಯುತ್ತಿದೆ. ನಿಮ್ಮ 12 ಪರ್ಸೆಂಟ್ ಸಿಪಿಯು ಅಂದರೆ ಅದೇ.

ಡಿಸ್ಟ್ರಿಬ್ಯೂಟೆಡ್ ಅಂದರೆ ಬೇರೆ ಬೇರೆ ಸಾಲುಗಳನ್ನು ಬೇರೆ ಬೇರೆ ನೋಡ್‌ಗೆ ಹಂಚುತ್ತದೆ ಅಂತ. ಒಂದೇ ಸಾಲನ್ನು ಒಡೆದು ಹಂಚಲು ಅದಕ್ಕೆ ಬರುವುದಿಲ್ಲ. ಬಾದಾಮಿಯ ಆ ಸಾಲು ಯಾವತ್ತೂ ಒಂದು ಲೀಡರ್ (ಬರಹ ಒಪ್ಪಿಕೊಳ್ಳುವ ನೋಡ್) ಹತ್ತಿರವೇ ಇರುತ್ತದೆ. 9 ಅಲ್ಲ, 90 ನೋಡ್ ಹಾಕಿ, ಆ ಸಾಲಿನ ಬಾಗಿಲು ಒಂದೇ.

ಲೆಕ್ಕದಮೇಷ್ಟ್ರು · 1:52

ಕಾವಲಿಕಲ್ಲು ಹೇಳಿದ್ದು ಸರಿ. ಲೆಕ್ಕ ಇನ್ನೂ ಸುಲಭ. ಒಂದು ಸಾಲಿಗೆ ಒಂದು ಸಲಕ್ಕೆ ಒಬ್ಬರೇ ಬರೆಯಬಹುದು. ಒಬ್ಬರು ಎಷ್ಟು ಹೊತ್ತು ಹಿಡಿದಿಟ್ಟುಕೊಳ್ಳುತ್ತಾರೋ, ಅದರಿಂದ ಒಂದು ಸೆಕೆಂಡನ್ನು ಭಾಗಿಸಿ. 20 ಮಿಲಿಸೆಕೆಂಡ್ ಹಿಡಿದರೆ ಸೆಕೆಂಡಿಗೆ 50. ಅದಕ್ಕಿಂತ ಜಾಸ್ತಿ ಆಗುವುದಿಲ್ಲ, ಯಾವ ಕಂಪನಿಯ ಡೇಟಾಬೇಸ್ ತಂದರೂ.

ಈಗ ಉಲ್ಟಾ ಹೋಗಿ. ನಿಮಗೆ ಸೆಕೆಂಡಿಗೆ 4 ಬಂದಿದೆ. ಅಂದರೆ ಒಬ್ಬೊಬ್ಬರು 250 ಮಿಲಿಸೆಕೆಂಡ್ ಹಿಡಿದಿದ್ದಾರೆ. ಸ್ಟಾಕ್ ಓದಿ ಒಂದು ಕಳೆಯುವುದಕ್ಕೆ ಕಾಲು ಸೆಕೆಂಡ್ ಯಾಕೆ ಬೇಕು? ಟ್ರಾನ್ಸಾಕ್ಷನ್ ಒಳಗೆ ಇನ್ನೇನು ಮಾಡುತ್ತಿದ್ದೀರಿ? ನೀವು ‘ಇಷ್ಟೇ’ ಅಂದದ್ದನ್ನು ನಾನು ನಂಬುವುದಿಲ್ಲ.

ಮಾವಿನತೋಪು · 2:15

ಕೋಡ್ ತೆಗೆದು ನೋಡಿದೆ. ಹೇಳಲು ನಾಚಿಕೆ ಆಗುತ್ತಿದೆ.

ಸ್ಟಾಕ್ ಕಡಿಮೆ ಮಾಡಿದ ಮೇಲೆ, ಕಮಿಟ್‌ಗೆ ಮುಂಚೆ, ಪೇಮೆಂಟ್ ಗೇಟ್‌ವೇಗೆ ಒಂದು ಕಾಲ್ ಇದೆ. ಪೇಮೆಂಟ್ ಐಡಿ ತಂದು ಅದನ್ನು ಆರ್ಡರ್ ಸಾಲಿನಲ್ಲಿ ಬರೆದು ಆಮೇಲೆ ಕಮಿಟ್. ಆ ಕಾಲ್ ಒಂದೇ 180ರಿಂದ 200 ಮಿಲಿಸೆಕೆಂಡ್.

ಬೆಲ್ಲದಚ್ಚು · 2:18

ಹಾ ಹಾ. ಕೌಂಟರ್‌ನಲ್ಲಿ ನಿಂತು ಮನೆಗೆ ಫೋನ್ ಮಾಡಿ ‘ಮಸಾಲೆನಾ, ಸೆಟ್ ದೋಸೆನಾ’ ಅಂತ ಕೇಳುವವನು ಇದೇ.

ಲೆಕ್ಕದಮೇಷ್ಟ್ರು · 2:24

ನಗಬೇಡಿ, ಇದನ್ನು ಮಾಡದವರು ಯಾರಿದ್ದಾರೆ? ನಾನೂ ಒಮ್ಮೆ ಎಸ್‌ಎಂಎಸ್ ಕಳಿಸುವುದನ್ನು ಟ್ರಾನ್ಸಾಕ್ಷನ್ ಒಳಗೇ ಇಟ್ಟಿದ್ದೆ. ರಿಟ್ರೈ (ಮತ್ತೆ ಪ್ರಯತ್ನ) ಆದಾಗಲೆಲ್ಲ ಎಸ್‌ಎಂಎಸ್ ಹೋಗುತ್ತಿತ್ತು. ಒಬ್ಬ ಗಿರಾಕಿಗೆ ಒಂದೇ ಆರ್ಡರ್‌ಗೆ 7 ಮೆಸೇಜ್.

ಪೇಮೆಂಟ್ ಕಾಲ್ ಹೊರಗೆ ಹಾಕಿ. ಮೊದಲು ಸ್ಟಾಕ್ ಹಿಡಿದು ಆರ್ಡರ್ ಸಾಲಿಗೆ ‘ಹಿಡಿದಿಟ್ಟಿದೆ’ ಅಂತ ಬರೆದು ಕಮಿಟ್. ಆಮೇಲೆ ಗೇಟ್‌ವೇ. ದುಡ್ಡು ಬಂದರೆ ‘ಆಯ್ತು’, ಇಷ್ಟು ನಿಮಿಷದಲ್ಲಿ ಬರದಿದ್ದರೆ ಸ್ಟಾಕ್ ವಾಪಸ್.

ಕಡಲತಡಿ · 2:40

9 ನೋಡ್‌ಗೆ ಯಾಕೆ ಇನ್ನೂ ನಿಧಾನ ಆಯ್ತು ಅಂತ ಯಾರೂ ಹೇಳಲಿಲ್ಲ. 3 ನೋಡ್ ಇದ್ದಾಗ ಡೇಟಾದ ಮೂರು ಪ್ರತಿಯೂ ಮೂರು ನೋಡ್‌ನಲ್ಲೇ, ಎಲ್ಲ ಪಕ್ಕಪಕ್ಕ. 9 ಆದ ಮೇಲೆ ಸ್ಟಾಕ್ ಸಾಲಿನ ಲೀಡರ್ ಒಂದು ಕಡೆ, ಆರ್ಡರ್ ಟೇಬಲ್ಲಿನ ಲೀಡರ್ ಇನ್ನೊಂದು ಕಡೆ. ಅದರಲ್ಲಿ ಒಂದು ಹೈದರಾಬಾದ್‌ನಲ್ಲಿ ಕೂತಿದ್ದರೆ ಮುಗೀತು.

ಮುಂಬೈಯಿಂದ ಹೈದರಾಬಾದ್ ನೇರ ಗೆರೆ ಎಳೆದರೂ 600 ಕಿಲೋಮೀಟರ್ ಮೇಲಾಗುತ್ತದೆ. ಫೈಬರ್‌ನಲ್ಲಿ ಬೆಳಕು ಓಡುವುದು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್. ಹೋಗಿ ಬರಲು ಕಡಿಮೆ ಅಂದರೂ 6 ಮಿಲಿಸೆಕೆಂಡ್. ಕೇಬಲ್ ನೇರ ಹೋಗುವುದಿಲ್ಲ, ಹಾಗಾಗಿ ನಿಜವಾಗಿ ಇನ್ನೂ ಜಾಸ್ತಿ. ಒಂದು ಟ್ರಾನ್ಸಾಕ್ಷನ್‌ನಲ್ಲಿ ನಾಲ್ಕೈದು ಸಲ ಓಡಾಡಿದರೆ? ಅಷ್ಟೂ ಹೊತ್ತು ಲಾಕ್ (ಬೇರೆಯವರು ಆ ಸಾಲು ಬರೆಯದಂತೆ ಹಾಕುವ ಬೀಗ) ಹಿಡಿದೇ ಇರುತ್ತದೆ.

ಆ ಟೇಬಲ್‌ಗಳ ಲೀಡರ್ ಮುಂಬೈ ಬಿಟ್ಟು ಹೋಗದಂತೆ ಕಟ್ಟಿಹಾಕಿ. ಇಂಥ ಡೇಟಾಬೇಸ್‌ಗಳಲ್ಲಿ ಅದಕ್ಕೆ ಸೆಟ್ಟಿಂಗ್ ಇರುತ್ತದೆ.

ಒಂದೇಮಾತು · 2:44

ರೆಡಿಸ್ (ಮೆಮೊರಿಯಲ್ಲೇ ಓಡುವ ಡೇಟಾಬೇಸ್) ಹಾಕಿ. ಮುಗೀತು. ಇಷ್ಟಕ್ಕೆ ಪುರಾಣ ಯಾಕೆ?

ಕಾವಲಿಕಲ್ಲು · 2:51

ಪ್ರತಿ ಚರ್ಚೆಗೂ ಒಬ್ಬ ರೆಡಿಸ್ ಭಕ್ತ ಬರಲೇಬೇಕಲ್ವಾ.

ರೆಡಿಸ್‌ನಲ್ಲಿ ಒಂದು ಕಳೆಯುವುದು ಬಹಳ ಬೇಗ, ಒಪ್ಪಿದೆ. ಕಮಾಂಡ್‌ಗಳು ಒಂದರ ಹಿಂದೆ ಒಂದು ಓಡುತ್ತವೆ, ಲಾಕ್ ಗಲಾಟೆಯೇ ಇಲ್ಲ. ಆದರೆ ರೆಪ್ಲಿಕಾಗೆ (ಇನ್ನೊಂದು ಪ್ರತಿಗೆ) ಹೋಗುವುದು ತಡವಾಗಿ. ಮಾಸ್ಟರ್ ಬಿದ್ದು ರೆಪ್ಲಿಕಾ ಎದ್ದರೆ ಕೊನೆಯ ಕೆಲವು ಕಳೆತ ಮಾಯ. ಇಲ್ಲದ ಹಣ್ಣು ಮಾರಿದಂತೆ. ಜೊತೆಗೆ ರೆಡಿಸ್‌ನಲ್ಲಿ ಒಂದು ಲೆಕ್ಕ, ಡೇಟಾಬೇಸ್‌ನಲ್ಲಿ ಇನ್ನೊಂದು. ರಾತ್ರಿ ಎರಡನ್ನೂ ತಾಳೆ ನೋಡುವವರು ಯಾರು?

ಒಂದೇಮಾತು · 2:55

ಹತ್ತು ಬಾಕ್ಸ್ ಜಾಸ್ತಿ ಮಾರಿದರೆ ದುಡ್ಡು ವಾಪಸ್ ಕೊಡಿ. ಹಣ್ಣಿನ ವ್ಯಾಪಾರ ಸ್ವಾಮಿ, ವಿಮಾನದ ಸೀಟೇನಲ್ಲ.

ಮಾವಿನತೋಪು · 3:02

ಅದೇನೋ ನಿಜ. ಹೇಗಿದ್ದರೂ ನೂರಕ್ಕೆ ಎರಡು ಬಾಕ್ಸ್ ದಾರಿಯಲ್ಲಿ ಜಜ್ಜಿ ಹೋಗುತ್ತದೆ. ಆದರೂ ಇನ್ನೊಂದು ಮೆಷಿನ್ ನೋಡಿಕೊಳ್ಳಲು ನಮ್ಮಲ್ಲಿ ಜನ ಇಲ್ಲ.

ಸೋರೆಬುರುಡೆ · 3:20

ನಿಮ್ಮ ರಿಟ್ರೈ ಹೇಗಿದೆ? ಅದನ್ನು ಕೇಳದೆ ಮುಂದೆ ಹೋಗಬೇಡಿ.

ಮಾವಿನತೋಪು · 3:26

40001 ಬಂದರೆ ತಕ್ಷಣ ಮತ್ತೆ. 10 ಸಲದವರೆಗೆ.

ಸೋರೆಬುರುಡೆ · 3:41

ಅಯ್ಯೋ. ಆರು ಸಾವಿರ ಜನ ಗುಣಿಸು 10. ನಿಮ್ಮ ಮೇಲೆ ನೀವೇ ಅರವತ್ತು ಸಾವಿರ ಜನರನ್ನು ಬಿಟ್ಟುಕೊಂಡಿದ್ದೀರಿ. ಜೊತೆಗೆ ಮೊಬೈಲ್ ಆ್ಯಪ್‌ನಲ್ಲಿ ‘ಮತ್ತೆ ಪ್ರಯತ್ನಿಸಿ’ ಬಟನ್ ಬೇರೆ ಇರಬೇಕು.

40001 ಅಂದರೆ ‘ನಿನ್ನ ಟ್ರಾನ್ಸಾಕ್ಷನ್ ಇನ್ನೊಬ್ಬರದಕ್ಕೆ ಡಿಕ್ಕಿ ಆಯ್ತು, ಮೊದಲಿಂದ ಶುರು ಮಾಡು’ ಅಂತ. ಶುರು ಮಾಡಲೇಬೇಕು, ಅದು ತಪ್ಪಲ್ಲ. ಎಲ್ಲರೂ ಅದೇ ಕ್ಷಣಕ್ಕೆ ಶುರು ಮಾಡುವುದು ತಪ್ಪು. ಸಿಗ್ನಲ್ ಹಸಿರಾದ ತಕ್ಷಣ ಎಲ್ಲ ಬೈಕೂ ಒಟ್ಟಿಗೆ ನುಗ್ಗಿದ ಹಾಗೆ. ಪ್ರತಿ ಸಲ ಕಾಯುವ ಹೊತ್ತು ಇಮ್ಮಡಿ ಮಾಡಿ, ಅದರೊಳಗೆ ಎಲ್ಲೋ ಒಂದು ರ‍್ಯಾಂಡಮ್ ಹೊತ್ತಿಗೆ ಹೋಗಿ. ಬರೀ ಇಮ್ಮಡಿ ಸಾಲದು. ಎಲ್ಲರೂ ಇಮ್ಮಡಿ ಮಾಡಿದರೆ ಮತ್ತೆ ಎಲ್ಲರೂ ಒಟ್ಟಿಗೇ ಬರುತ್ತಾರೆ. ಮೂರು ಸಲ ಆದ ಮೇಲೆ ಬಿಟ್ಟುಬಿಡಿ.

ಇನ್ನೊಂದು. ಓದುವಾಗಲೇ ಸಾಲಿಗೆ ಲಾಕ್ ಹಾಕುವ ‘ಸೆಲೆಕ್ಟ್ ಫಾರ್ ಅಪ್‌ಡೇಟ್’ ಹಾಕಿ. ಈಗ ಎಲ್ಲರೂ ಓದಿ, ಎಲ್ಲ ಕೆಲಸ ಮುಗಿಸಿ, ಕೊನೆಗೆ ಸೋಲುತ್ತಿದ್ದಾರೆ. ಮೊದಲೇ ಕ್ಯೂ ನಿಂತರೆ ಮಾಡಿದ ಕೆಲಸ ಹಾಳಾಗುವುದಿಲ್ಲ.

ಹೊಸಬ_ಮಂಡ್ಯ · 3:50

ಕ್ಷಮಿಸಿ, ದಡ್ಡ ಪ್ರಶ್ನೆ. ಆಪ್ಟಿಮಿಸ್ಟಿಕ್ (ಲಾಕ್ ಇಲ್ಲದೆ ಮಾಡಿ ಕೊನೆಗೆ ಡಿಕ್ಕಿ ನೋಡುವುದು) ಚೆನ್ನಾಗಿದೆ, ಲಾಕ್ ಹಾಕಬಾರದು ಅಂತ ಕಾಲೇಜಿನಲ್ಲಿ ಹೇಳಿಕೊಟ್ಟಿದ್ದರಲ್ಲ?

ಲೆಕ್ಕದಮೇಷ್ಟ್ರು · 4:05

ದಡ್ಡ ಪ್ರಶ್ನೆ ಅಲ್ಲಪ್ಪ. ಡಿಕ್ಕಿ ಅಪರೂಪ ಆದರೆ ಆಪ್ಟಿಮಿಸ್ಟಿಕ್ ಚೆನ್ನ. ಖಾಲಿ ರಸ್ತೆಯಲ್ಲಿ ಸಿಗ್ನಲ್ ಯಾಕೆ? ಆದರೆ ಸಿಲ್ಕ್ ಬೋರ್ಡ್‌ನಲ್ಲಿ ಸಿಗ್ನಲ್ ತೆಗೆದು ನೋಡು.

ಟೈಡಿಬಿ ಅನ್ನುವ ಡಿಸ್ಟ್ರಿಬ್ಯೂಟೆಡ್ ಡೇಟಾಬೇಸ್ ಮೊದಮೊದಲು ಪೂರ್ತಿ ಆಪ್ಟಿಮಿಸ್ಟಿಕ್ ಆಗಿತ್ತು. 3.0.8 ಆವೃತ್ತಿಯಿಂದ ಹೊಸ ಕ್ಲಸ್ಟರ್‌ಗಳಿಗೆ ಪೆಸಿಮಿಸ್ಟಿಕ್ (ಮೊದಲೇ ಲಾಕ್ ಹಾಕುವುದು) ಅನ್ನೇ ಡೀಫಾಲ್ಟ್ ಮಾಡಿದರು. ಮೈಎಸ್‌ಕ್ಯೂಎಲ್‌ನಿಂದ ಬಂದವರ ಕೋಡ್ ಕಮಿಟ್ ಹೊತ್ತಿಗೆ ಫೇಲ್ ಆಗುವುದನ್ನು ನಿರೀಕ್ಷಿಸುವುದೇ ಇಲ್ಲವಲ್ಲ.

ಅಡಿಕೆಹಾಳೆ · 4:30

ಇದೆಲ್ಲ ಮಾಡಿದರೂ ಒಂದು ಸಾಲು ಒಂದು ಸಾಲೇ. 250ರಿಂದ 25 ಮಿಲಿಸೆಕೆಂಡ್‌ಗೆ ಇಳಿಸಿದಿರಿ ಅನ್ನಿ, ಸೆಕೆಂಡಿಗೆ 40. ಎರಡು ಸಾವಿರ ಬಾಕ್ಸ್‌ಗೆ 50 ಸೆಕೆಂಡ್. ನಿಮಗೆ ಸಾಕಾಗಬಹುದು. ಸಾಲದಿದ್ದರೆ ಸಾಲನ್ನು ನೀವೇ ಒಡೆಯಬೇಕು.

ಬಾದಾಮಿ 2,000 ಅನ್ನುವ ಒಂದು ಸಾಲಿನ ಬದಲು 16 ಸಾಲು (ಬಕೆಟ್) ಮಾಡಿ, ಒಂದೊಂದರಲ್ಲಿ 125. ಬಂದವರು ರ‍್ಯಾಂಡಮ್ ಆಗಿ ಒಂದು ಬಕೆಟ್ ಆರಿಸಿ ಅದರಲ್ಲಿ ಕಳೆಯಲಿ. ಖಾಲಿ ಇದ್ದರೆ ಮುಂದಿನದು. ಹದಿನಾರು ಟೋಕನ್ ಕೌಂಟರ್ ಆಯ್ತಲ್ಲ! 16 ಗುಣಿಸು 40, ಲೆಕ್ಕಕ್ಕೆ ಸೆಕೆಂಡಿಗೆ 640. ಅಷ್ಟು ಬರುವುದಿಲ್ಲ, ರ‍್ಯಾಂಡಮ್‌ನಲ್ಲೂ ಇಬ್ಬರು ಒಂದೇ ಕಡೆ ಬೀಳುತ್ತಾರೆ. ಅರ್ಧ ಬಂದರೂ ಹಬ್ಬ.

ಇದು ಹೊಸದಲ್ಲ. ಡೇಟಾಬೇಸ್ ಸಂಶೋಧಕ ಪ್ಯಾಟ್ರಿಕ್ ಓ'ನೀಲ್ 1986ರಲ್ಲೇ ಎಸ್ಕ್ರೋ ಅಂತ ಹೆಸರಿಟ್ಟು ಬರೆದಿದ್ದಾರೆ. ಒಟ್ಟು ಮೊತ್ತದಲ್ಲಿ ನನ್ನ ಪಾಲು ನನಗೆ ತೆಗೆದಿಡು, ಉಳಿದದ್ದರಲ್ಲಿ ಬೇರೆಯವರು ವ್ಯವಹಾರ ಮಾಡಲಿ ಅನ್ನುವ ವಿಚಾರ. ಗೂಗಲ್‌ನ ಫೈರ್‌ಸ್ಟೋರ್ ಡೇಟಾಬೇಸ್‌ನವರೂ ಎಣಿಕೆಯ ಕೌಂಟರ್‌ಗೆ ಇದನ್ನೇ ಹೇಳುತ್ತಾರೆ. ಅಮೆಜಾನ್‌ನ ಡೈನಮೋಡಿಬಿಯಲ್ಲೂ ಒಂದು ಪಾರ್ಟಿಷನ್‌ಗೆ (ಡೇಟಾದ ಒಂದು ತುಂಡಿಗೆ) ಸೆಕೆಂಡಿಗೆ 1,000 ಬರಹದ ಯೂನಿಟ್ ಮಿತಿ. ಬಿಸಿ ಕೀಗೆ (ಎಲ್ಲರೂ ಮುಗಿಬೀಳುವ ಕೀಗೆ) ಬಾಲ ಅಂಟಿಸಿ ಹಂಚಿ ಅಂತ ಅವರ ಡಾಕ್ಯುಮೆಂಟ್‌ನಲ್ಲೇ ಇದೆ.

ಬೆಲ್ಲದಚ್ಚು · 4:36

‘ಬಿಸಿ ಕೀ’ ಓದಿ ನಗು ಬಂತು. ಹಾಗಾದರೆ ಎಲ್ಲರೂ ಒಂದೇ ಸಾಲಿಗೆ ಮುಗಿಬೀಳುವ ಈ ಕಂಟೆನ್ಷನ್‌ಗೆ ಕನ್ನಡದಲ್ಲಿ ಏನು?

ಕಡಲತಡಿ · 4:39

ಪೈಪೋಟಿ?

ಸೋರೆಬುರುಡೆ · 4:40

ತಿಕ್ಕಾಟ.

ಕಾವಲಿಕಲ್ಲು · 4:47

ಪೈಪೋಟಿಯಲ್ಲಿ ಯಾರೋ ಒಬ್ಬ ಗೆಲ್ಲುತ್ತಾನೆ. ಇಲ್ಲಿ ಯಾರೂ ಮುಂದೆ ಹೋಗುತ್ತಿಲ್ಲ. ನೂಕುನುಗ್ಗಲು ಸರಿ.

ರೈಲುಹಳಿ · 5:10

ನೂಕುನುಗ್ಗಲು ಅಂದಾಗ ತತ್ಕಾಲ್ ನೆನಪಾಯಿತು. ಎಸಿಗೆ 10 ಗಂಟೆ, ನಾನ್ ಎಸಿಗೆ 11. ಭಾರ ಹಂಚಲು ಡೇಟಾಬೇಸೇ ಮುಟ್ಟಬೇಕಿಲ್ಲ, ಗಡಿಯಾರ ಹಂಚಿದರೂ ಆಯ್ತು. ನೀವೂ ಬಾದಾಮಿ 10ಕ್ಕೆ, ರಸಪುರಿ ಹತ್ತೂವರೆಗೆ ಯಾಕೆ ಬಿಡಬಾರದು?

ಮಾವಿನತೋಪು · 5:22

ರಸಪುರಿ ಬೇರೆ ಸಾಲು, ಅದಕ್ಕೆ ತೊಂದರೆಯೇ ಇಲ್ಲ. ಎಲ್ಲರಿಗೂ ಬಾದಾಮಿಯೇ ಬೇಕು.

ಬೆಲ್ಲದಚ್ಚು · 5:25

ರಸಪುರಿ ಬಿಟ್ಟು ಬಾದಾಮಿಗೆ ಮುಗಿಬೀಳುವವರ ಟ್ರಾನ್ಸಾಕ್ಷನ್ ಫೇಲ್ ಆಗಬೇಕಾದ್ದೇ. ಶೀಕರಣೆಗೆ ರಸಪುರಿ ಬಿಟ್ಟರೆ ಇನ್ನಾವುದು ಸ್ವಾಮಿ?

ಅಡಿಕೆಹಾಳೆ · 5:33

ಎರಡೂ ಒಂದೇ ಕಾರ್ಟ್‌ನಲ್ಲಿ ಹಾಕುವವರೂ ಇರುತ್ತಾರೆ ಅಲ್ವಾ? ಹುಷಾರು. ಒಬ್ಬರು ಬಾದಾಮಿ ಹಿಡಿದು ರಸಪುರಿಗೆ ಕಾಯುತ್ತಾರೆ, ಇನ್ನೊಬ್ಬರು ರಸಪುರಿ ಹಿಡಿದು ಬಾದಾಮಿಗೆ. ಡೆಡ್‌ಲಾಕ್. ಕಾರ್ಟ್‌ನಲ್ಲಿ ಯಾವ ಕ್ರಮದಲ್ಲಿ ಹಾಕಿದ್ದರೂ ಲಾಕ್ ಹಿಡಿಯುವುದು ಐಡಿ ಕ್ರಮದಲ್ಲೇ ಇರಲಿ.

ಗಡಿಯಾಚೆ · 6:48

ನಾನು ಮ್ಯೂನಿಕ್‌ನಲ್ಲಿ ಇದೇ ಕೆಲಸ ಮಾಡುತ್ತೇನೆ. ನಾವು ಬಕೆಟ್ ಮಾಡಲಿಲ್ಲ, ಪ್ರತಿ ಪೀಸ್‌ಗೂ ಒಂದು ಸಾಲು ಮಾಡಿ ‘ಸ್ಕಿಪ್ ಲಾಕ್ಡ್’ ಬಳಸಿದೆವು. ಪೋಸ್ಟ್‌ಗ್ರೆಸ್‌ನಲ್ಲಿ 9.5ರಿಂದ ಇದೆ. ಯಾರೋ ಹಿಡಿದಿರುವ ಸಾಲಿಗೆ ಕಾಯದೆ ಪಕ್ಕದ್ದು ತಗೊಂಡು ಹೋಗುವುದು. 2,000 ಬಾಕ್ಸ್‌ಗೆ 2,000 ಸಾಲು ಏನೂ ಜಾಸ್ತಿ ಅಲ್ಲ.

ಒಂದು ಪೆಟ್ಟು ತಿಂದೆವು. ಎಲ್ಲರೂ ಮೊದಲ ಸಾಲಿಂದಲೇ ಹುಡುಕಲು ಶುರು ಮಾಡುತ್ತಿದ್ದರು. ಮಾರಿಹೋದ, ಹಿಡಿದಿಟ್ಟ ಸಾಲುಗಳನ್ನೆಲ್ಲ ದಾಟಿ ದಾಟಿ, ಕೊನೆಕೊನೆಗೆ ಒಂದು ಬಾಕ್ಸ್ ಹುಡುಕಲು ಸಾವಿರ ಸಾಲು ನಡೆಯಬೇಕಾಯಿತು. ರ‍್ಯಾಂಡಮ್ ಜಾಗದಿಂದ ಹುಡುಕಲು ಶುರು ಮಾಡಿಸಿದ ಮೇಲೆ ಸರಿ ಹೋಯಿತು.

ಲೆಕ್ಕದಮೇಷ್ಟ್ರು · 7:05

ಅದು ಸಿನಿಮಾ ಸೀಟಿಗೆ ಚೆನ್ನ, ಪ್ರತಿ ಸೀಟೂ ಬೇರೆ. ಒಂದೇ ತರದ ಹಣ್ಣಿನ ಬಾಕ್ಸ್‌ಗೆ ಬಕೆಟ್ ಸಾಕು ಅನ್ನುವುದು ನನ್ನ ಅಭಿಪ್ರಾಯ.

ಗಡಿಯಾಚೆ · 7:11

ನಮ್ಮದು ಸೀಟೇ. ಒಪ್ಪಿದೆ.

ಉಳಿಪೆಟ್ಟು · 7:40

ಎಲ್ಲರೂ ಬಾಗಿಲು ಜಾಸ್ತಿ ಮಾಡುವುದನ್ನೇ ಹೇಳುತ್ತಿದ್ದೀರಿ. ನಾನು ಉಲ್ಟಾ ಹೇಳುತ್ತೇನೆ. ಬರೆಯುವವರು ಒಬ್ಬರೇ ಇರಲಿ. ಎಲ್ಲ ಬೇಡಿಕೆಯೂ ಒಂದು ಕ್ಯೂಗೆ ಬೀಳಲಿ. ಒಂದೇ ಪ್ರೋಗ್ರಾಂ ಅದರಿಂದ 200 ಬೇಡಿಕೆ ಎತ್ತಿ, ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಸ್ಟಾಕ್‌ನಿಂದ ಒಟ್ಟಿಗೆ ಕಳೆದು 200 ಆರ್ಡರ್ ಬರೆಯಲಿ. 20 ಮಿಲಿಸೆಕೆಂಡ್‌ಗೆ ಒಂದು ಕಮಿಟ್ ಅಂದರೂ 50 ಗುಣಿಸು 200, ಸೆಕೆಂಡಿಗೆ ಹತ್ತು ಸಾವಿರ. ತಿಕ್ಕಾಟವೇ ಇಲ್ಲ, ತಿಕ್ಕಲು ಇನ್ನೊಬ್ಬರಿಲ್ಲ.

ಟೈಗರ್‌ಬೀಟಲ್ ಅನ್ನುವ ಲೆಕ್ಕಪತ್ರದ ಡೇಟಾಬೇಸ್ ಇಡೀ ಈ ನಂಬಿಕೆಯ ಮೇಲೇ ಕಟ್ಟಿದ್ದು. ಹಂಚುವ ಬದಲು ಗುಂಪು ಮಾಡಿ ಬರೆಯುವುದು.

ಸೋರೆಬುರುಡೆ · 7:52

ಆ ಒಬ್ಬ ಪ್ರೋಗ್ರಾಂ 10:00:03ಕ್ಕೆ ಬಿದ್ದರೆ? ಎರಡನೆಯದು ಎದ್ದು ನಾನೇ ಬರೆಯುವವನು ಅಂದಾಗ ಮೊದಲನೆಯದಕ್ಕೂ ಜೀವ ಬಂದರೆ? 200 ಆರ್ಡರ್‌ನಲ್ಲಿ ಒಂದು ಕೆಟ್ಟಿದ್ದರೆ 200ಕ್ಕೂ ಎರರ್ರಾ?

ಉಳಿಪೆಟ್ಟು · 8:01

ಎಲ್ಲದಕ್ಕೂ ಉತ್ತರ ಇದೆ.

ಸೋರೆಬುರುಡೆ · 8:02

ಇದೆ, ಗೊತ್ತು. ಐದು ಜನರ ಟೀಮ್‌ಗೆ ಆ ಉತ್ತರ ಬರೆಯಲು ಮಾವಿನ ಸೀಸನ್ ಮುಗಿದಿರುತ್ತದೆ ಅಂತ ಹೇಳಿದೆ, ಅಷ್ಟೇ.

ಉಳಿಪೆಟ್ಟು · 8:09

ಅದು ನ್ಯಾಯ.

ಮಾವಿನತೋಪು · ರಾತ್ರಿ 11:47

ಇನ್ನೊಂದು ಸಿಕ್ಕಿತು. ಇದು ಪೇಮೆಂಟ್ ಕಾಲ್‌ಗಿಂತ ದೊಡ್ಡದು.

ಪೇಮೆಂಟ್ ಕಾಲ್ ಹೊರಗೆ ಹಾಕಿ ಟೆಸ್ಟ್ ಮಾಡಿದೆ. ಆರ್ಡರ್ ಮಾತ್ರ ಕಳಿಸಿದರೆ ಚೆನ್ನಾಗಿ ಓಡುತ್ತದೆ. ಜನ ಪೇಜ್ ತೆರೆಯುವುದನ್ನೂ ಸೇರಿಸಿದ ತಕ್ಷಣ ಮತ್ತೆ 40001. ಬರೀ ಪೇಜ್ ನೋಡಿದರೆ ಯಾಕೆ ಡಿಕ್ಕಿ ಅಂತ ಎರಡು ಗಂಟೆ ಒದ್ದಾಡಿದೆ. ಆಮೇಲೆ ನೋಡಿದರೆ ಅದೇ ಸಾಲಿನಲ್ಲಿ ‘ಎಷ್ಟು ಜನ ನೋಡಿದರು’ ಅಂತ ಒಂದು ಕಾಲಮ್! ಹೋದ ವರ್ಷ ಮಾರ್ಕೆಟಿಂಗ್‌ನವರು ಕೇಳಿದ್ದಕ್ಕೆ ನಾನೇ ಸೇರಿಸಿದ್ದು. ಪ್ರತಿ ಸಲ ಪೇಜ್ ತೆರೆದಾಗ ಅದಕ್ಕೊಂದು ಕೂಡುತ್ತದೆ. ಆರು ಸಾವಿರ ಜನ ರಿಫ್ರೆಶ್ ಒತ್ತುತ್ತಾ ಕೂತಿದ್ದರು. ಪ್ರತಿ ಒತ್ತಿಗೂ ಬಾದಾಮಿ ಸಾಲಿಗೆ ಒಂದು ಬರಹ.

ಲೆಕ್ಕದಮೇಷ್ಟ್ರು · ಸೋಮವಾರ ಬೆಳಿಗ್ಗೆ 6:30

ನನ್ನ ಕಾಫಿ ಚೆಲ್ಲಿತು.

ಕಾಲಮ್ ಬೇರೆಯಾದರೂ ಲಾಕ್ ಸಾಲಿನದು. ಬಹಳಷ್ಟು ಡೇಟಾಬೇಸ್‌ಗಳಲ್ಲಿ ಹಾಗೆಯೇ. ಸ್ಟಾಕ್‌ಗೆ ತನ್ನದೇ ಸಣ್ಣ ಟೇಬಲ್ ಇರಲಿ, ಹೆಸರು, ಫೋಟೋ, ಬೆಲೆ ಇನ್ನೊಂದು ಕಡೆ. ನೋಡಿದವರ ಲೆಕ್ಕ ಲಾಗ್‌ಗೆ ಹೋಗಲಿ, ಅದನ್ನು ರಾತ್ರಿ ಕೂಡಿಕೊಳ್ಳಿ.

ಕಡಲತಡಿ · 7:15

ಪೇಜ್‌ನಲ್ಲಿ ‘ಇನ್ನು ಇಷ್ಟೇ ಉಳಿದಿದೆ’ ಅಂತ ತೋರಿಸುತ್ತೀರಾ? ಅದು ಸ್ಟಾಕ್ ಸಾಲನ್ನೇ ಓದುತ್ತಿದ್ದರೆ ಅದನ್ನೂ ಬಿಡಿಸಿ. ಎಲ್ಲರೂ ಒಬ್ಬರಾದ ಮೇಲೆ ಒಬ್ಬರು ಬಂದ ಹಾಗೆ ಫಲಿತಾಂಶ ಕೊಡುವ ಸೀರಿಯಲೈಸಬಲ್‌ನಲ್ಲಿ ಓದುವವರೂ ಬರೆಯುವವರಿಗೆ ಅಡ್ಡ ಬರುತ್ತಾರೆ. ಐದು ಸೆಕೆಂಡ್ ಹಳೆಯ ಸಂಖ್ಯೆ ತೋರಿಸಿದರೆ ಯಾರೂ ಕೋರ್ಟಿಗೆ ಹೋಗುವುದಿಲ್ಲ.

ಅಡಿಕೆಹಾಳೆ · 8:02

ಆರ್ಡರ್ ಐಡಿ ಒಂದು, ಎರಡು, ಮೂರು ಅಂತ ಏರುತ್ತಾ ಹೋಗುತ್ತಿದೆಯಾ? ಹಾಗಿದ್ದರೆ ಹೊಸ ಆರ್ಡರ್‌ಗಳೆಲ್ಲ ಟೇಬಲ್ಲಿನ ಕೊನೆಯ ತುಂಡಿಗೇ ಬಂದು ಬೀಳುತ್ತವೆ, ಅದೂ ಒಂದೇ ಲೀಡರ್. ಗೂಗಲ್‌ನ ಸ್ಪ್ಯಾನರ್ ಡೇಟಾಬೇಸ್‌ನವರು ಏರುವ ಸಂಖ್ಯೆಯನ್ನು ಕೀ ಮಾಡಬೇಡಿ ಅಂತ ಗೋಗರೆಯುವುದು ಇದಕ್ಕೇ. ಯುಯುಐಡಿ (ಕ್ರಮವಿಲ್ಲದೆ ಹುಟ್ಟುವ ಉದ್ದದ ಐಡಿ) ಹಾಕಿ. ಗಿರಾಕಿಗೆ ಚಂದದ ನಂಬರ್ ಬೇಕಾದರೆ ಬೇರೆ ಕಾಲಮ್‌ನಲ್ಲಿ ಕೊಡಿ.

ಮಾವಿನತೋಪು · ಮುಂದಿನ ಭಾನುವಾರ 11:05

ವರದಿ ಒಪ್ಪಿಸುತ್ತಿದ್ದೇನೆ. ಪೇಮೆಂಟ್ ಹೊರಗೆ, ನೋಡಿದವರ ಲೆಕ್ಕ ಹೊರಗೆ, ಎಲ್ಲ ಮುಂಬೈನಲ್ಲಿ, ಐಡಿ ಯುಯುಐಡಿ, ರಿಟ್ರೈ ಮೂರೇ, 16 ಬಕೆಟ್. ನೋಡ್ ವಾಪಸ್ 3ಕ್ಕೆ ಇಳಿಸಿದೆವು. ಬಾಸ್ ಮುಖ ನೋಡಬೇಕಿತ್ತು.

ಇವತ್ತು 1,800 ಬಾಕ್ಸ್. 9 ಸೆಕೆಂಡ್‌ನಲ್ಲಿ ಖಾಲಿ.

ಬೆಲ್ಲದಚ್ಚು · 11:08

ಈಗ ‘9 ಸೆಕೆಂಡ್‌ನಲ್ಲಿ ಹೇಗೆ ಖಾಲಿ ಆಗುತ್ತೆ, ಮೋಸ’ ಅಂತ ಬೈಯುತ್ತಾರೆ ನೋಡಿ.

ಮಾವಿನತೋಪು · 11:10

ಆಗಲೇ 14 ಮೇಲ್ ಬಂದಿದೆ.

ಆದರೆ ಒಂದು ತಕರಾರು ಉಳಿದಿದೆ. ಮೂರು ಬಾಕ್ಸ್ ಕೇಳಿದ ಕೆಲವರಿಗೆ ಇಲ್ಲ ಅಂದಿದೆ, ಆಗ ಇನ್ನೂ 11 ಬಾಕ್ಸ್ ಇತ್ತು. ಒಂದೊಂದು ಬಕೆಟ್‌ನಲ್ಲಿ ಒಂದೋ ಎರಡೋ ಚದುರಿಹೋಗಿತ್ತು.

ಅಡಿಕೆಹಾಳೆ · 11:25

ಅದು ಬಕೆಟ್‌ನ ಹುಟ್ಟುಗುಣ. ಯಾವ ಒಂದು ಬಕೆಟ್‌ನಲ್ಲೂ ಸಾಲದಿದ್ದರೆ ಮಾತ್ರ, ಕ್ರಮವಾಗಿ ಎಲ್ಲ ಬಕೆಟ್ ಲಾಕ್ ಮಾಡಿ ಅಲ್ಲೊಂದು ಇಲ್ಲೊಂದು ಕೂಡಿಸಿ ಕೊಡಿ. ನಿಧಾನ ಆಗುತ್ತದೆ, ಆದರೆ ಕೊನೆಯ ಹತ್ತಿಪ್ಪತ್ತು ಬಾಕ್ಸ್‌ಗೆ ಮಾತ್ರ. ಒಟ್ಟು ಸೊನ್ನೆ ಅಂತ ಗೊತ್ತಾದ ಮೇಲೆ ಬಾಗಿಲಲ್ಲೇ ‘ಖಾಲಿ’ ಬೋರ್ಡ್ ಹಾಕಿ, ಒಳಗೆ ಬಿಡಬೇಡಿ.

ಸೋರೆಬುರುಡೆ · 11:31

ದುಡ್ಡು ಕಟ್ಟದವರ ಬಾಕ್ಸ್ ವಾಪಸ್ ಹಾಕುವುದು ಹೇಗೆ ಮಾಡಿದ್ದೀರಿ?

ಮಾವಿನತೋಪು · 11:34

8 ನಿಮಿಷ ಆದ ಮೇಲೆ ಒಂದು ಜಾಬ್ ಓಡಿ ಸ್ಟಾಕ್‌ಗೆ ಕೂಡುತ್ತದೆ. ಯಾವ ಬಕೆಟ್ ಸಿಕ್ಕರೆ ಅದಕ್ಕೆ.

ಸೋರೆಬುರುಡೆ · 11:42

ಯಾವ ಬಕೆಟ್‌ಗಾದರೂ ಪರವಾಗಿಲ್ಲ. ಕೇಳಿದ್ದು ಅದಲ್ಲ. 7 ನಿಮಿಷ 59ನೇ ಸೆಕೆಂಡಿಗೆ ದುಡ್ಡು ಬಂತು ಅನ್ನಿ. ಗೇಟ್‌ವೇ ‘ಆಯ್ತು’ ಅನ್ನುತ್ತದೆ, ಅದೇ ಹೊತ್ತಿಗೆ ಜಾಬ್ ‘ವಾಪಸ್’ ಅನ್ನುತ್ತದೆ. ಒಂದು ಬಾಕ್ಸ್ ಮಾರಿಯೂ ಆಯ್ತು, ಸ್ಟಾಕ್‌ಗೆ ಬಂದೂ ಆಯ್ತು. ಎರಡೂ ಕಡೆ ಆರ್ಡರ್ ಸಾಲನ್ನು ‘ಈಗಲೂ ಹಿಡಿದಿಟ್ಟಿದೆ ಅಂತಿದ್ದರೆ ಮಾತ್ರ’ ಬದಲಿಸಿ. ಎಷ್ಟು ಸಾಲು ಬದಲಾಯ್ತು ಅಂತ ನೋಡಿ, ಸೊನ್ನೆ ಬಂದರೆ ಇನ್ನೊಬ್ಬರು ಮೊದಲು ಹೋದರು ಅಂತ. ಸ್ಟಾಕ್‌ಗೆ ಕೂಡುವುದು ಅದೇ ಟ್ರಾನ್ಸಾಕ್ಷನ್ ಒಳಗೆ ಇರಬೇಕು.

ಮಾವಿನತೋಪು · 11:50

ಆ ಷರತ್ತು ಹಾಕಿಲ್ಲ. ಇವತ್ತು ಗೋಡೌನ್‌ನಲ್ಲಿ ಎರಡು ಬಾಕ್ಸ್ ಯಾಕೆ ಕಮ್ಮಿ ಬಂತು ಅಂತ ಈಗ ತಿಳಿಯಿತು. ಹೋಗಿ ಬರೆಯುತ್ತೇನೆ.